ಸೋಮವಾರ ರಾತ್ರಿ ಒಂದೂವರೆ

ಇಂದ್ರವ್ವನವರು ಚೀಲದಿಂದ ಹೊರತೆಗೆದ ಜಾತಕ ಮಡಿಕೆ ಮಡಿಕೆಗೂ ಹರಿದು ನಾಲ್ಕು ತುಂಡಾಗಿತ್ತು. ಅದನ್ನು ನಮ್ಮ ಪಡಸಾಲೆಯ ಚಾಪೆಯ ಮೇಲೆ ಒಂದಕ್ಕೊಂದು ಕೂಡಿಸಿಟ್ಟು, ಗಾಳಿಗೆ ಹಾರದಂತೆ ಅಂಗೈ ಊರಿ ಹಿಡಿದರು.

"ಭಾಳ ಮನಿ ತಿರಗೇತಿ ಯವ್ವಾ ಇದು. ನನ್ನ ಮಗಳಕಿಂತಾ ಹೆಚ್ಚ ಊರು ನೋಡೇತಿ. ಹೊಸಾದೊಂದು ತಗದು ಕೊಡು. ಗುರುವಾರ ಬಾದಾಮಿಯವರು ನಿಶ್ಚಯಕ್ಕ ಬರ್ತಾರ. ಅವರ ಮುಂದ ಈ ತುಕಡಿ ಹೆಂಗ ಹಿಡೀಲಿ?"

ಕೆಳಗಿನ ತುಂಡಿನಲ್ಲಿ ಅಪ್ಪನ ಸಹಿ ಇತ್ತು. ರಾಚಯ್ಯ ಹಿರೇಮಠ, ಕಮತಗಿ. ಸಾಲು ಬಿಟ್ಟು ಕೆಳಕ್ಕೆ ಜಾರಿದ ಸಹಿ. ಮೂರು ವರ್ಷದ ಹಿಂದೆ ಅವರ ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದಾಗ, ನಾನೇ ಅವರ ಕೈ ಹಿಡಿದು ಜಾಗ ತೋರಿಸಿ ಹಾಕಿಸಿದ್ದು.

ನಾವು ಜಂಗಮರು. ನಮ್ಮ ಮುತ್ಯಾನ ಕಾಲದಿಂದಲೂ ಮನೆಯಲ್ಲಿ ಪಂಚಾಂಗ ನೋಡುತ್ತಾ ಬಂದಿದ್ದಾರೆ. ಕೂಸಿಗೆ ಯಾವ ಅಕ್ಷರದಿಂದ ಹೆಸರು, ಮದುವೆ ಯಾವ ದಿನ, ಬೋರ್‌ವೆಲ್ ಯಾವ ಮೂಲೆಗೆ, ಎಲ್ಲಕ್ಕೂ ಸುತ್ತಲಿನ ಹತ್ತು ಹಳ್ಳಿಯವರು ಅಪ್ಪನ ಹತ್ತಿರ ಬರುತ್ತಾರೆ. ಅಪ್ಪ ಒಂದು ಜಾತಕ ಬರೆಯಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದರು. ಅವರ ಕಣ್ಣು ಕೈಕೊಟ್ಟ ಹೊತ್ತಿಗೆ ನಾನು ಬಾಗಲಕೋಟೆಯಲ್ಲಿ ಬಿಎಸ್ಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಕಾಲೇಜಿನ ಹಳೆಯ ಲ್ಯಾಪ್‌ಟಾಪಿಗೆ ಜಾತಕದ ತಂತ್ರಾಂಶ ಹಾಕಿಕೊಂಡೆ. ಬಂದವರು ಪಡಸಾಲೆಯಲ್ಲಿ ಅಪ್ಪನ ಜೊತೆ ಮಾತಾಡುತ್ತಿದ್ದರು. ನಾನು ಒಳಕೋಣೆಯಲ್ಲಿ ತಾರೀಖು, ಗಂಟೆ, ಊರು ಹಾಕಿ ಒತ್ತುತ್ತಿದ್ದೆ. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ನನಗೆ ಅದು ಒಗ್ಗಿತ್ತು.

ಆ ಸೋಮವಾರ ಮಾತ್ರ ಅಪ್ಪ ಒಂದು ಮನೆಯ ಪಾಯಪೂಜೆಗೆ ಹೋಗಿದ್ದರು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಾನೇ ಇಂದ್ರವ್ವನವರ ಎದುರು ಕುಳಿತಿದ್ದೆ.

ಜಾತಕ ಅವರ ಮಗಳು ಜಯಶ್ರೀಯದು. ನಕ್ಷತ್ರ ಎಂಬಲ್ಲಿ 'ಮೂಲಾ' ಎಂದಿತ್ತು. ಮೂಲಾ ನಕ್ಷತ್ರದ ಹುಡುಗಿ ಸೊಸೆಯಾಗಿ ಬಂದರೆ ಮಾವನ ಜೀವಕ್ಕೆ ಕಂಟಕ ಎಂದು ನಮ್ಮ ಕಡೆ ನಂಬುತ್ತಾರೆ. ನಂಬುವುದಿಲ್ಲ ಎನ್ನುವವರೂ ತಮ್ಮ ಮನೆಯ ಮಾವನ ಮಾತು ಬಂದಾಗ ನಂಬಿಬಿಡುತ್ತಾರೆ. ಅದಕ್ಕೇ ಮೂಲಾ ಹುಡುಗಿಯರಿಗೆ ತಂದೆ ತೀರಿಹೋದ ವರನನ್ನೇ ಹುಡುಕುವುದು ರೂಢಿ.

"ಐದ ಮನಿಯವರು ಬಂದು ನೋಡಿ ಹೋದ್ರು," ಇಂದ್ರವ್ವ ಬೆರಳು ಮಡಚಿದರು. "ಹುನಗುಂದದ ಅಮರೇಶ ಅಂತೂ ಮೂರ ಸಲ ಬಂದ. ನೌಕರಿ ಐತಿ, ಹುಡುಗ ಒಪ್ಪಿದ್ದ, ಇಕಿನೂ ಒಪ್ಪಿದ್ಲು. ಅವರಪ್ಪ ಜಾತಕ ನೋಡಿದಾವನ ಚಹಾ ಅರ್ಧಕ್ಕ ಇಟ್ಟು ಎದ್ದ. ಹೋದ ವರ್ಷ ಅವನ ಮದುವಿನೂ ಆತು, ಬ್ಯಾರೆ ಕಡೆ." ಸ್ವಲ್ಪ ತಡೆದು ಮುಂದುವರಿಸಿದರು. "ಈಗ ಬಾದಾಮಿ ಶಂಕರಲಿಂಗ. ಬನಶಂಕರ್‍ಯಾಗ ಟೆಂಗಿನಕಾಯಿ ಅಂಗಡಿ ಇಟ್ಟಾನ. ನಲವತ್ತೊಂದ ವಯಸ್ಸು. ಮೊದಲನೇ ಹೇಣ್ತಿ ತೀರ್‍ಯಾಳ. ಆದ್ರ ಮಾವ ಇಲ್ಲ ನೋಡು. ಸತ್ತು ಹದಿನೈದ ವರ್ಷ ಆತಂತ. ಅದೊಂದ ಪುಣ್ಯಾ."

ಯಾರದೋ ಸಾವನ್ನು ಅಷ್ಟು ನಿರಾಳವಾಗಿ ಪುಣ್ಯ ಎಂದದ್ದಕ್ಕೆ ಅವರಿಗೂ ನಗು ಬಂತೋ ಏನೋ, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಜಯಶ್ರೀ ಏನಂತಾಳ್ರಿ?"

"ಏನಂತಾಳ? ಹೊಲಿಗಿ ಮಷೀನ ತುಳಿತಾಳ. ಕೇಳಿದ್ರ ಇನ್ನಷ್ಟ ಜೋರ ತುಳಿತಾಳ."

ನಾನು ಹಳೆಯ ಫೈಲ್ ತೆರೆದೆ. ಹೊಸದಾಗಿ ತೆಗೆಯುವ ಮುಂಚೆ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವುದು ರೂಢಿ. ಶಾಲೆಯ ಸರ್ಟಿಫಿಕೇಟಿನಲ್ಲಿ ಜಯಶ್ರೀಯ ತಾರೀಖು ಜೂನ್ ಒಂದು. ಅವಳ ಜೊತೆ ಹೆಸರು ಹಚ್ಚಿದ ಅರ್ಧ ವರ್ಗದ ಮಕ್ಕಳಿಗೂ ಅದೇ ತಾರೀಖು. ಖರೆ ಹೊತ್ತು ತಾಯಿಯ ನೆನಪಿನಲ್ಲಿ ಮಾತ್ರ ಇತ್ತು.

"ಎರಡನೇ ಶ್ರಾವಣ ಸೋಮವಾರ, ರಾತ್ರಿ ಒಂದೂವರಿ. ಹೌದಲ್ರಿ?"

"ಹೂಂನವ್ವಾ, ಅದನ್ನ ಮರೀತೇನೇನು? ಮುಂಜಾನಿಂದ ಉಪಾಸ ಇದ್ದೆ. ತುಂಬಿದ ಬಸರಿ, ಬ್ಯಾಡ ಅಂತ ನಮ್ಮತ್ತಿ ಬಡಕೊಂಡ್ರೂ ಕೇಳಲಿಲ್ಲ. ಸಂಜಿಕೆ ಗುಡಿಗೆ ಹೋಗಿಬಂದು ಉಪಾಸ ಬಿಟ್ಟೆ. ಸಜ್ಜಕ ಮಾಡಿದ್ದೆ. ಎರಡ ತುತ್ತು ಉಂಡಿರಬೇಕು, ಬ್ಯಾನಿ ಹತ್ತಿದ್ವು. ಓಡಿಹೋಗಿ ಸೂಲಗಿತ್ತಿ ಬಾನುಬಿನ್ನ ಕರ್ಕೊಂಡು ಬಂದ್ರು. ಒಂದೂವರಿಗೆ ಕೂಸು ಕೈಯಾಗ. ಬಾನುಬಿ ಅಂದ್ಲು, 'ಸಜ್ಜಕದ ವಾಸನಿಗೆ ಬಂದಾಳ ನೋಡವ್ವಾ ಇಕಿ' ಅಂತ."

ನಾನು ಪರದೆ ನೋಡಿದೆ. ಸೋಮವಾರದ ತಾರೀಖು. ಅದರ ಮುಂದೆ, ಬೆಳಗಿನ ಜಾವ ಒಂದು ಮೂವತ್ತು.



ಯಂತ್ರಕ್ಕೆ ದಿನ ಬದಲಾಗುವುದು ಮಧ್ಯರಾತ್ರಿ ಹನ್ನೆರಡಕ್ಕೆ. ಇಂದ್ರವ್ವನವರಿಗೆ, ಅಪ್ಪನ ಪಂಚಾಂಗಕ್ಕೆ, ದಿನ ಬದಲಾಗುವುದು ಹೊತ್ತು ಮೂಡಿದ ಮೇಲೆ. ಅವರು ಸೋಮವಾರ ರಾತ್ರಿ ಎಂದದ್ದು ಯಂತ್ರದ ಲೆಕ್ಕದಲ್ಲಿ ಮಂಗಳವಾರ. ನಾನು ಸೋಮವಾರದ ತಾರೀಖನ್ನೇ ಹಾಕಿದ್ದೆ. ಒಂದು ಇಡೀ ದಿನ ಹಿಂದೆ. ಜಯಶ್ರೀಯನ್ನು ಅವಳ ತಾಯಿ ಉಪವಾಸ ಹಿಡಿಯುವ ಮೊದಲೇ ಹುಟ್ಟಿಸಿಬಿಟ್ಟಿದ್ದೆ.

ಒಂದೇ ಒಂದು ಅಂಕಿ ಬದಲಿಸಿದೆ. 'ಮೂಲಾ' ಹೋಗಿ 'ಪೂರ್ವಾಷಾಢ' ಬಂತು. ಯಾವ ಮಾವನಿಗೂ, ಅತ್ತೆಗೂ, ಮೈದುನನಿಗೂ ಏನೂ ಮಾಡದ ನಕ್ಷತ್ರ. ರಾಶಿ ಮಾತ್ರ ಮೊದಲಿನ ಧನುವೇ ಉಳಿಯಿತು. ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಆತೇನವ್ವಾ?"

"ಇಲ್ರಿ," ಎಂದೆ. "ಪ್ರಿಂಟರಿನ್ಯಾಗ ಶಾಯಿ ಮುಗದೈತ್ರಿ. ನಾನ ತಂದು ಕೊಡ್ತೇನಿ, ಬುಧವಾರ."

ಶಾಯಿ ಇತ್ತು. ಇಂದ್ರವ್ವ ನಾಲ್ಕು ತುಂಡುಗಳನ್ನು ನೋಟಿನಂತೆ ಜೋಪಾನವಾಗಿ ಒಂದರ ಮೇಲೊಂದು ಇಟ್ಟು ಚೀಲಕ್ಕೆ ಹಾಕಿಕೊಂಡು ಹೊರಟರು.

ಟ್ರಂಕಿನಿಂದ ಮೂರು ವರ್ಷದ ಹಿಂದಿನ ಡೈರಿ ತೆಗೆದೆ. ಆ ದಿನದ ಪುಟ ಹುಡುಕಲು ಬಹಳ ಹೊತ್ತಾಗಲಿಲ್ಲ.

'ಇವತ್ತು ನನ್ನ ಮೊದಲ ಜಾತಕ. ಶಿರೂರಿನ ಗಾಳೆಪ್ಪನವರ ಮಗಳದು. ಸೋಮವಾರ ರಾತ್ರಿ ಒಂದೂವರೆ. ಅಪ್ಪನ ಅರ್ಧ ದಿನದ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ಮೂಲಾ ಬಂತು ಎಂದಾಗ ಅಪ್ಪ, ಪಾಪ, ಎಂದರು. ಸಹಿ ಹಾಕಿಸಿಕೊಂಡೆ. ಅಷ್ಟು ರಾತ್ರಿಯಲ್ಲಿ ಹುಟ್ಟಿದವರಿಗೆ ನಿದ್ದೆ ಕಡಿಮೆಯೋ ಏನೋ.'

ಕೊನೆಯ ಸಾಲಿನ ಪಕ್ಕದಲ್ಲಿ ಒಂದು ನಗುವ ಮುಖ ಬರೆದಿದ್ದೆ.

ಮಂಗಳವಾರ ಏನು ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಗುಡಿಸಿದ್ದ ಅಂಗಳವನ್ನೇ ಮತ್ತೆ ಗುಡಿಸಿದೆ. ಹಂಚಿನ ಮೇಲೆ ಎರಡು ರೊಟ್ಟಿ ಸುಟ್ಟೆ. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ, ಅಪ್ಪ ಏನೂ ಹೇಳದೆ ಉಂಡು ಎದ್ದರು. ಅವ್ವ ರುಚಿ ನೋಡಿ ತಾಟು ಸರಿಸಿದಳು.

"ನಿಮ್ಮಪ್ಪಗ ಆಕಾಶದಾಗಿನ ಚುಕ್ಕಿ ಕಾಣ್ತಾವ, ತಾಟಿನ್ಯಾಗ ಉಪ್ಪಿಲ್ಲದ್ದು ಕಾಣಂಗಿಲ್ಲ. ನಿನಗೇನಾಗೇತಿ? ಮುಂಜಾನಿಂದ ಬಾಗಲಕ್ಕ ಬರ್ತಿ, ಒಳಗ ಹೋಗ್ತಿ."

ಬಾಗಿಲಿಗೆ ಬರುತ್ತಿದ್ದುದು ಅಪ್ಪನಿಗೆ ಹೇಳಲೆಂದು. ಹೇಳಲು ಹೋದಾಗಲೆಲ್ಲ ಪಡಸಾಲೆಯಲ್ಲಿ ಯಾರಾದರೂ ಇರುತ್ತಿದ್ದರು. ಮಧ್ಯಾಹ್ನ ಹುನಗುಂದದ ಕಡೆಯ ಬೀರಲಿಂಗ ಎನ್ನುವವರು ಬಂದು ಕುಳಿತಿದ್ದರು. ಅವರ ಮಗಳದು ಆಶ್ಲೇಷಾ. ಅದು ಅತ್ತೆಗೆ ಕಂಟಕ ಎಂಬ ಹೆಸರು ಹೊತ್ತದ್ದು.

"ಒಂದ ಕೆಲಸ ಮಾಡ್ರಿ ಅಯ್ಯಾರ, ಮಘಾ ಅಂತ ಬರದಬಿಡ್ರಿ. ಬಾಜೂದಾಗ ಐತಲ್ಲ. ಹುಡುಗನ ಅವ್ವ ಬ್ಯಾಡ ಅಂತಾಳ್ರಿ. ಅವರಪ್ಪ ಮಾತ್ರ ಇದ ಹುಡುಗಿ ಬೇಕಂತ ಹಟಾ ಹಿಡದಾನ."

ಅಪ್ಪ ಮೈ ಕುಲುಕಿ ನಕ್ಕರು. ನಗು ನಿಂತ ಮೇಲೆ, "ಚುಕ್ಕಿ ನನ್ನ ಕಿಸೇದಾಗಿಲ್ಲೋ ತಮ್ಮಾ, ಒಂದ ತಗದು ಇನ್ನೊಂದ ಇಡಾಕ," ಎಂದರು. "ನಲವತ್ತ ವರ್ಷದಾಗ ಎಷ್ಟ ಮಂದಿ ಕಾಲ ಹಿಡದಾರ ಗೊತ್ತೈತೇನು? ಒಬ್ಬರದೂ ಬದಲಿ ಮಾಡಿಲ್ಲ. ಅದಕ್ಕ ನನ್ನ ಸಹಿ ನೋಡಿದ್ರ ಮಂದಿ ಎರಡನೇ ಮಾತ ಆಡಂಗಿಲ್ಲ."

ಬಾಗಿಲ ಹಿಂದೆ ನಿಂತಿದ್ದ ನಾನು ಒಳಗೆ ಹೋದೆ.

ಸಂಜೆ ಅಪ್ಪ ಲಿಂಗಪೂಜೆ ಮುಗಿಸಿ ವಿಭೂತಿಯ ಕೈ ಒರೆಸಿಕೊಳ್ಳುತ್ತಿದ್ದಾಗ ಡೈರಿಯನ್ನು ತೆರೆದು ಮುಂದಿಟ್ಟೆ. ಬಾಯಿಂದ ಹೇಳುವುದಕ್ಕಿಂತ ಅದು ಸುಲಭವಿತ್ತು. ಓದಿ ತಲೆಯೆತ್ತಿದರು. ನಾನು ಸಜ್ಜಕದ ಮಾತು ಹೇಳಿದೆ. ಪೂರ್ತಿ ಹೇಳುವ ಮೊದಲೇ ಎದ್ದು ಅಟ್ಟದಿಂದ ಹಳೆಯ ಪಂಚಾಂಗಗಳ ಗಂಟು ಇಳಿಸಿದರು. ಭೂತಗನ್ನಡಿ ಹಿಡಿದು ಆ ವರ್ಷದ ಶ್ರಾವಣಕ್ಕೆ ಬಂದರು. ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡಿತು.

"ಹೊತ್ತ ಮೂಡಿದಾಗಿಂದ ನಲವತ್ತೆಂಟ ಘಟಿ, ಅಂದ್ರ ರಾತ್ರಿ ಒಂದೂವರಿ. ಮೂಲಾ ಅವತ್ತ ಮಧ್ಯಾಹ್ನಕ್ಕ ಮುಗದೈತಿ." ಪುಸ್ತಕ ಮುಚ್ಚಿದರು. "ನಾ ಸಹಿ ಹಾಕೇನಿ."

"ತಪ್ಪು ನಂದಪ್ಪಾ."

"ಸಹಿ ನಂದು."

 ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ಈಗ ಬದಲಿ ಮಾಡಿದ್ರ ಮಂದಿ ಏನಂತಾರ? ಗಾಳೆಪ್ಪ ಅಯ್ಯಗ ಏನ ಕೊಟ್ಟ ಅಂತಾರ. ಬೀರಲಿಂಗಗ ನಾ ಮಧ್ಯಾಹ್ನ ಏನ ಹೇಳಿದೆ, ನೀ ಕೇಳಿಲ್ಲೇನು? ಗುರುವಾರದ ಗಳಿಗಿ ಇಟ್ಟಾವನೂ ನಾನ. ಆ ಹುಡುಗಿಗೂ ಒಂದ ಮನಿ ಆದಂಗಾತು. ಬಿಡು ಶಿವಗಂಗಾ."

 ಎದುರಿಗಿರುವವರು ಮಾತು ಮುಗಿಸಿ ಎದ್ದುಹೋದ ಮೇಲೆಯೇ ನನಗೆ ಉತ್ತರ ಹೊಳೆಯುವುದು. ಆ ದಿನದ ಪುಟದಲ್ಲಿ 'ಅಪ್ಪ ಬಿಡು ಎಂದರು' ಎಂದಷ್ಟೇ ಬರೆದೆ. ಮುಂದಿನ ಸಾಲಿಗೆ ಪೆನ್ನು ಇಟ್ಟೆ, ಎತ್ತಿದೆ, ಮತ್ತೆ ಇಟ್ಟೆ. ಅಲ್ಲಿ ನಾಲ್ಕು ಚುಕ್ಕೆ ಬಿದ್ದಿವೆ.

ಬುಧವಾರ ಹೊಸ ಜಾತಕ ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಶಿರೂರಿಗೆ ಹೊರಟೆ. ಟಂಟಂ ಆಟೋದಲ್ಲಿ ಹಿಂದಿನ ಸೀಟಿನ ತುದಿಗೆ ಕುಳಿತಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಇಳಿಯುವಾಗ ಒಂದೂ ಉಳಿದಿರಲಿಲ್ಲ.

ಜಯಶ್ರೀ ಒಬ್ಬಳೇ ಇದ್ದಳು. ಇಂದ್ರವ್ವ ಬಳೆ ತರಲು ಬಾಗಲಕೋಟೆಗೆ ಹೋಗಿದ್ದರು. ಕೊರಳಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ. ಗೋಡೆಗೆ ಬಸವಣ್ಣನವರ ಫೋಟೋ. ಅದರ ಕೆಳಗೆ ಮೊಳೆಗೆ ತೂಗುಹಾಕಿದ ಹತ್ತಾರು ಕುಪ್ಪಸ, ಒಂದೊಂದಕ್ಕೂ ಒಂದೊಂದು ಹೆಸರಿನ ಚೀಟಿ. ಅವಳು ನನ್ನನ್ನು ನೋಡಿ ಸೂಜಿ ತೆಗೆದಳು.

"ಅಯ್ಯಾರ ಮಗಳಲ್ಲೇನು? ಬಾ, ಕುಂಡ್ರು. ಅಲ್ಲಿಡು ಕಾಗದ."

ನಾನು ಇಡಲಿಲ್ಲ. ನಿಂತೇ ಹೇಳಿದೆ. ನೆಲ ನೋಡುತ್ತಾ, ಹಿಂದುಮುಂದಾಗಿ, ಎರಡು ನಿಮಿಷದ ಕೆಲಸ, ಯಂತ್ರದ ಮಧ್ಯರಾತ್ರಿ, ಉಪವಾಸ, ಮಂಗಳವಾರ, ಪೂರ್ವಾಷಾಢ. ಮಷೀನಿನ ಚಕ್ರ ಒಂದು ಸುತ್ತು ತಾನಾಗಿ ತಿರುಗಿ ನಿಂತಿತು.

"ಅಂದ್ರ ಅಮರೇಶ..." ಎಂದಳು. ಅಲ್ಲಿಗೇ ನಿಲ್ಲಿಸಿದಳು. ಆಮೇಲೆ, ನನಗಲ್ಲ ಎಂಬಂತೆ, "ಮೂರನೇ ಸಲ ಬಂದಾಗ ಅಂಗಿ ಹೊಲಿಸಾಕ ಬಂದೇನಿ ಅಂದಿದ್ದ. ನಾ ಗಂಡಸರ ಅಂಗಿ ಹೊಲಿಯಂಗಿಲ್ಲ ಅಂತ ಗೊತ್ತಿದ್ದೂ. ಅಳತಿ ತಗೊಳ್ಳಂತ ಹಿಂಗ ಕೈ ಚಾಚಿ ನಿಂತಿದ್ದ," ಎಂದಳು.

"ತಪ್ಪಾತು."

"ಎರಡ ನಿಮಿಷದ ಕೆಲಸಂತ ಅದು?"

ನಾನು ತಲೆಯಾಡಿಸಿದೆ.

"ಒಂದ ಮಾತ ಹೇಳು. ನಾ ಖರೇನ ಮೂಲಾ ಇದ್ದಿದ್ರ? ಆವಾಗ ಈ ಬಾದಾಮಿಯವ ನನಗ ಸರಿ ಆಗ್ತಿದ್ನೇನು? ನೀ ಇವತ್ತ ಇಲ್ಲಿಗೆ ಬರ್ತಿದ್ದೇನು?"

 ಅವಳು ಫೋಟೋದ ಕಡೆ ಗದ್ದ ಎತ್ತಿದಳು.

"ಮ್ಯಾಲೆ ಅವರನ್ನ ತೂಗಹಾಕೇವಿ. ಕೆಳಗ ಕುಂತು ಚುಕ್ಕಿ ಎಣಸ್ತೇವಿ. ಅವರು ಗಳಿಗಿ ಮುಹೂರ್ತಾ ಬ್ಯಾಡ ಅಂದಾರ ಅಂತ ಸಾಲ್ಯಾಗ ಬಾಯಿಪಾಠ ಮಾಡಸ್ತಾರ. ಮನಿಗೆ ಬಂದ್ರ ನಿಮ್ಮಪ್ಪ."

ನಾನು ಕಾಗದ ಚಾಚಿದೆ. ತೆಗೆದುಕೊಳ್ಳಲಿಲ್ಲ.

"ಇದನ್ನ ಕೊಟ್ಟು ಓಡಬ್ಯಾಡ. ನಮ್ಮಪ್ಪ ಇದನ್ನ ತೊಡಿ ಕೆಳಗ ಇಟ್ಕೊಂಡು ಸುಮ್ಮ ಕುಂಡ್ರತಾನ. ಬರೂ ಮಂದಿಗೆ ಹೇಳಿ ಆಗೇತಿ, ಹೋಳಿಗಿ ಹೂರಣಕ್ಕ ಬ್ಯಾಳಿ ತಂದಾಗೇತಿ, ಇನ್ನೇನ ಮಾಡೂದು ಅಂತಾನ. ನಾಳೆ ಬಾ. ಎಲ್ಲಾರ ಮುಂದ ನಿನ್ನ ಬಾಯಿಲೆ ಹೇಳು."

"ನನಗ ಮಂದಿ ಮುಂದ ಮಾತ ಬರಂಗಿಲ್ಲ."

"ನನಗ ಬರ್ತೈತೇನು?" ಎಂದಳು. ಮತ್ತೆ ಸೂಜಿ ತುಟಿಗಿಟ್ಟುಕೊಂಡು ಮಷೀನು ತುಳಿಯತೊಡಗಿದಳು. ಇಂದ್ರವ್ವ ಹೇಳಿದ್ದ ಆ ಜೋರು ಏನೆಂದು ಆಗ ತಿಳಿಯಿತು.

ಮನೆಗೆ ಬಂದು ಅಪ್ಪನಿಗೆ, "ನಾಳೆ ನಿಮ್ಮ ಜೋಡಿ ನಾನೂ ಬರ್ತೇನಿ," ಎಂದೆ. ಏಕೆ ಎಂದು ಅವರು ಕೇಳಲಿಲ್ಲ. ಬೆಳಿಗ್ಗೆ ಹೊರಡುವಾಗ ಪಂಚಾಂಗದ ಚೀಲವನ್ನು ತಾವು ಹೆಗಲಿಗೆ ಹಾಕಿಕೊಳ್ಳದೆ ನನ್ನ ಕೈಗೆ ಕೊಟ್ಟರು. "ಹಿಡಿ," ಎಂದರು, ಅಷ್ಟೇ. ದಾರಿಯಲ್ಲಿ ಎರಡು ಸಲ ಕೆಮ್ಮಿದರು. ಎರಡು ಸಲವೂ ಏನೋ ಹೇಳುತ್ತಾರೆಂದು ನಾನು ತಿರುಗಿದೆ.

ಗಾಳೆಪ್ಪನವರ ಪಡಸಾಲೆ ತುಂಬಿತ್ತು. ಬಾದಾಮಿಯವರು ಎಂಟು ಜನ ಬಂದಿದ್ದರು. ವರನ ತಾಯಿ ಗುರುಲಿಂಗವ್ವ ಗೋಡೆಗೆ ಒರಗಿ, ಕಾಲು ಚಾಚಿ, ಯಜಮಾನಿಕೆಯಿಂದ ಕುಳಿತಿದ್ದರು. ಪಕ್ಕದಲ್ಲಿ ಅವರ ತಮ್ಮ, ದಪ್ಪ ಮೀಸೆಯವರು. ಶಂಕರಲಿಂಗ ಮೂಲೆಯಲ್ಲಿ ಮೊಬೈಲನ್ನು ಅಂಗೈಯಲ್ಲಿ ತಿರುಗಿಸುತ್ತಾ ಇದ್ದ. ಕಿವಿಯ ಹತ್ತಿರ ಕೂದಲಿಗೆ ಹೊಸದಾಗಿ ಕಪ್ಪು ಹಚ್ಚಿದ್ದ, ಅದು ಚರ್ಮಕ್ಕೂ ತಾಗಿತ್ತು.

"ನಮ್ಮ ಮನ್ಯಾಗ ಏನೂ ಅಂಜಿಕಿ ಇಲ್ರಿ ಬೀಗರ," ಗುರುಲಿಂಗವ್ವ ಹೇಳುತ್ತಿದ್ದರು. "ಅವರು ಹೋಗಿ ಹದಿನೈದ ವರ್ಷ ಆತು. ಮೂಲಾ ಬರಲಿ, ಮತ್ತೊಂದ ಬರಲಿ. ಯಾರಿಗೇನ ಮಾಡ್ತೈತಿ? ಮಂದಿ ಬ್ಯಾಡ ಅಂದ ಹುಡುಗಿನ್ನ ನಾವು ಹೂಂ ಅಂದೇವಿ ನೋಡ್ರಿ."

ಗಾಳೆಪ್ಪನವರು ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡರು. "ನಿಮ್ಮ ದೊಡ್ಡ ಮನಸ್ಸರಿ," ಎಂದರು.

ಜಯಶ್ರೀಯನ್ನು ಕರೆತಂದು ಮಣೆಯ ಮೇಲೆ ಕೂರಿಸಿದರು. ಇಳಕಲ್ಲಿನ ಸೀರೆ, ಕೈ ತುಂಬ ಬಳೆ. ಅವಳು ತಲೆ ಬಗ್ಗಿಸಲಿಲ್ಲ. ನೇರವಾಗಿ ನನ್ನನ್ನೇ ನೋಡಿದಳು.

ಅಪ್ಪ ಕೈ ಚಾಚಿದರು. ನಾನು ಚೀಲ ಕೊಡಬೇಕಿತ್ತು. ಕೊಡಲಿಲ್ಲ.  

"ಚೀಲಾ," ಎಂದರು ಅಪ್ಪ.

"ಇದು ಮೂಲಾ ಅಲ್ರಿ," ಎಂದೆ.

ಯಾರಿಗೂ ಕೇಳಿಸಲಿಲ್ಲ. ಚಹಾದ ಕಪ್ಪುಗಳ ಸದ್ದು. ನಾನು ಎದ್ದು ನಿಂತೆ. ಎದ್ದದ್ದರಿಂದಲೇ ಎಲ್ಲರೂ ತಿರುಗಿದರು, ಇನ್ನು ಕೂರುವ ಹಾಗಿರಲಿಲ್ಲ.

"ಜಯಶ್ರೀದು ಮೂಲಾ ನಕ್ಷತ್ರ ಅಲ್ರಿ. ಪೂರ್ವಾಷಾಢ. ಜಾತಕಾ ಮಾಡಿದಾಕಿ ನಾನ್ರಿ. ಅಪ್ಪನ ಕಣ್ಣಿಗೆ ಪಟ್ಟಿ ಇತ್ತರಿ ಆವಾಗ. ಸೋಮವಾ‌ರ ರಾತ್ರಿ ಅಂದ್ರ ಕಂಪ್ಯೂಟರಿಗೆ ಮಂಗಳವಾರ ಅಂತ ಹಾಕಬೇಕಿತ್ತು. ನಾ ಸೋಮವಾರ ಹಾಕಿದೆ. ತಪ್ಪು ನಂದರಿ."

 ಮೀಸೆಯವರು ನಕ್ಕರು.

"ಏನ ಅಯ್ಯಾರ, ಈಗ ಚುಕ್ಕಿಗೋಳೂ ವರ್ಗಾವಣಿ ಆಗಾಕತ್ಯಾವೇನ್ರಿ? ಯಾರ ವಶೀಲಿ ಹಚ್ಚಿದ್ರಿ?"

ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆದರೆ ಇಂದ್ರವ್ವ ಅಡುಗೆಮನೆಯ ಬಾಗಿಲಿನಿಂದ ಹಿಟ್ಟಿನ ಕೈಯಲ್ಲೇ ಮುಂದೆ ಬಂದರು.

"ಅಂದ್ರ ನೀ ನನ್ನ ಮಗಳನ್ನ, ನಾ ಉಪಾಸ ಹಿಡಿಯೂಕಿಂತ ಮೊದಲ ಹುಟ್ಟಿಸಿದ್ಯಾ?" ಎಂದವರು ಹಣೆ ಬಡಿದುಕೊಂಡರು. ಹಣೆಗೆ ಹಿಟ್ಟು ಹತ್ತಿತು. "ಸಜ್ಜಕಾ ಉಂಡ ಮ್ಯಾಲೆ ಹುಟ್ಟಿದ ಕೂಸು ಅದು! ಬಾನುಬಿ ಬದುಕ್ಯಾಳ, ಇದ ಓಣ್ಯಾಗ ಅದಾಳ, ಕರ್ಕೊಂಡ ಬಂದು ಕೇಳ್ರಿ. ಮೂರ ವರ್ಷ! ಮೂರ ವರ್ಷ ನನ್ನ ಮಗಳು ಆ ಹೆಸರ ಹೊತ್ಲಲ್ಲೋ!"

ಅವರ ಅಳು ನೋಡಿ ಮೀಸೆಯವರು ಸುಮ್ಮನಾದರು. ನಾನು ಇನ್ನು ಮುಗಿಯಿತು ಎಂದುಕೊಂಡೆ. ಖರೆ ಹೇಳಿಬಿಟ್ಟರೆ ಸಾಕು, ಈ ನಿಶ್ಚಯ ತಾನೇ ಬಿಚ್ಚಿಕೊಳ್ಳುತ್ತದೆ ಎಂದು ಮೂರು ದಿನ ನಂಬಿದ್ದೆ.

ಗುರುಲಿಂಗವ್ವ ಕಾಲು ಮಡಚಿ ಕುಳಿತು ಮುಖವರಳಿಸಿದರು. "ಅಳೂದ್ಯಾಕರಿ ಬೀಗತೇರ? ಮೂಲಾ ಅಲ್ಲಂದ್ರ ನಮಗ ಇನ್ನೂ ಛಲೋ ಆತು. ನಡಸ್ರಿ ಅಯ್ಯಾರ, ಗಳಿಗಿ ಮೀರ್ತೈತಿ."

ಇದು ನನಗೆ ಹೊಳೆದೇ ಇರಲಿಲ್ಲ. ಗಾಳೆಪ್ಪನವರು ಹೆಂಡತಿಯನ್ನು ನೋಡಿದರು, ತುಂಬಿದ ಪಡಸಾಲೆ ನೋಡಿದರು, ಒಳಗಿಂದ ಬರುತ್ತಿದ್ದ ಹೋಳಿಗೆಯ ವಾಸನೆಗೆ ಮೂಗರಳಿಸಿದಂತೆ ಒಂದು ಉಸಿರೆಳೆದರು, ಮತ್ತು ಟೊಪ್ಪಿಗೆ ಸರಿ ಮಾಡಿಕೊಂಡರು. ಬಂದವರನ್ನು ಎಬ್ಬಿಸಿ ಕಳಿಸುವ ಜೀವ ಅದಲ್ಲ. ಜಯಶ್ರೀ ಈಗ ನನ್ನನ್ನು ನೋಡುತ್ತಿರಲಿಲ್ಲ. ಮಡಿಲಲ್ಲಿ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತಿದ್ದಳು, ಅವು ಮತ್ತೆ ಜಾರುತ್ತಿದ್ದವು.

ಅಪ್ಪ ನನ್ನ ಕೈಯಿಂದ ಚೀಲ ತೆಗೆದುಕೊಂಡರು. ಪಂಚಾಂಗ ಹೊರತೆಗೆದರು, ಆದರೆ ತೆರೆಯಲಿಲ್ಲ. ಕಣ್ಣು ಮುಚ್ಚಿದರು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹೋಯಿತು, ಒಂದು, ಎರಡು, ಮೂರು. ಏಳಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದರು. ಮತ್ತೆ ಏಳು.

"ಇವತ್ತ ಉತ್ತರಾಭಾದ್ರಾ," ಎಂದರು. "ಹುಡುಗಿ ನಕ್ಷತ್ರದಿಂದ ಇವತ್ತಿನ ನಕ್ಷತ್ರದ ತನಕ ಎಣಿಸಿ ಗಳಿಗಿ ಇಡೂದು. ಮೂಲಾ ಅಂತ ತಿಳಕೊಂಡು ಎಣಿಸಿದ್ದೆ, ಎಂಟ ಬಂದಿತ್ತು. ಎಂಟು ಛಲೋ. ಪೂರ್ವಾಷಾಢದಿಂದ ಎಣಿಸಿದ್ರ ಏಳ ಬರ್ತೈತಿ. ಏಳನೇದ್ದು ವಧತಾರೆ. ಆ ಗಳಿಗ್ಯಾಗ ಶುಭಕಾರ್ಯ ಮಾಡಂಗಿಲ್ಲ. ನನ್ನ ಮಗಳು ಹೇಳಿದ್ದು ಖರೆ, ನಾನೂ ಎಣಿಸಿ ನೋಡೇನಿ. ತಪ್ಪ ಜಾತಕಕ್ಕ ಸಹಿ ಹಾಕಿದಾವ ನಾನು. ಇವತ್ತ ನಾ ಮಂತ್ರಾ ಹೇಳಂಗಿಲ್ಲ."

"ಹಂಗಾದ್ರ ಮುಂದಿನ ವಾರ ಇಡ್ರಿ," ಎಂದರು ಮೀಸೆಯವರು.

ಆಗ ಮೂಲೆಯಿಂದ ಶಂಕರಲಿಂಗ ಮಾತಾಡಿದ. ಬಂದಾಗಿನಿಂದ ಅದೇ ಅವನ ಮೊದಲ ಮಾತು.

"ತಡೀ ಮಾವ." ಮೊಬೈಲನ್ನು ಕಿಸೆಗೆ ಹಾಕಿ ಜಯಶ್ರೀಯ ಕಡೆ ನೋಡಿದ. "ನಿಮಗ ಒಪ್ಪಿಗಿ ಐತೇನ್ರಿ?"

ಬಳೆಯ ಸದ್ದು ನಿಂತಿತು.

"ಇಲ್ರಿ," ಎಂದಳು ಜಯಶ್ರೀ.

ಗಾಳೆಪ್ಪನವರು, "ಏ," ಎಂದು ಏನೋ ಹೇಳಹೋದರು. ಇಂದ್ರವ್ವ ಹಿಟ್ಟಿನ ಕೈಯಿಂದ ಅವರ ಭುಜ ಒತ್ತಿದರು.

"ಆತು," ಎಂದ ಶಂಕರಲಿಂಗ. ಅವನಿಗೂ ಏನೋ ಭಾರ ಇಳಿದಂತೆ ಕಂಡಿತು, ಅಥವಾ ನನಗೆ ಹಾಗೆ ಬೇಕಿತ್ತು. "ನಡಿ ಅವ್ವಾ, ಹೋಗೂಣು."

ಗುರುಲಿಂಗವ್ವ ಮಗನನ್ನೂ ಜಯಶ್ರೀಯನ್ನೂ ಅಪ್ಪನನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದರು. ಮುಖ ಕೆಂಪಾಗಿತ್ತು. "ಹೋಳಿಗಿ ಮಾಡ್ಯಾರ," ಎಂದರು ಕೊನೆಗೆ. "ಗಾಡಿ ಬಾಡಿಗಿ ಹಚ್ಚಿ ಬಂದೇವಿ. ಉಂಡರ ಹೋಗೂಣು."

ಎಲ್ಲರೂ ಸಾಲಾಗಿ ಕುಳಿತು ಉಂಡರು. ಅಷ್ಟು ಸದ್ದಿಲ್ಲದ ಹೋಳಿಗೆ ಊಟವನ್ನು ನಾನು ನೋಡಿಲ್ಲ. ಜಯಶ್ರೀಯೇ ತುಪ್ಪ ಬಡಿಸಿದಳು. ನನ್ನ ಎಲೆಯ ಮುಂದೆ ಬಂದಾಗ ಚಮಚ ಬಗ್ಗಿಸಿದಳು. ನನ್ನ ಕಡೆ ನೋಡಲಿಲ್ಲ. ತುಪ್ಪ ಎಲೆಯ ಅಂಚಿನವರೆಗೂ ಹರಿಯಿತು.

ಟಂಟಂನಲ್ಲಿ ಅಪ್ಪ ಹೊರಗೆ ಹೊಲ ನೋಡುತ್ತಾ ಕುಳಿತಿದ್ದರು. ಬಿಸಿಲು ಅವರ ಕನ್ನಡಕದ ಮೇಲೆ ಬಿದ್ದು ಕಣ್ಣು ಕಾಣುತ್ತಿರಲಿಲ್ಲ.

"ಅಪ್ಪಾ, ಎಣಿಸಿದಾಗ ಇವತ್ತಿಂದು ಛಲೋನ ಬಂದಿದ್ರ?"

"ಬರಲಿಲ್ಲಲ್ಲ," ಎಂದರು.

ಊರು ಹತ್ತಿರವಾದಾಗ ತಾವಾಗಿ ಕೇಳಿದರು. "ರಾತ್ರಿ ಹುಟ್ಟಿದಾವು ಇನ್ನ ಎಷ್ಟ ಮಾಡಿದ್ದಿ?"

ಅದನ್ನೇ ನಾನು ಸೋಮವಾರದಿಂದ ಎಣಿಸುತ್ತಿದ್ದೆ. ಮೂರು ವರ್ಷದ ಡೈರಿಗಳನ್ನು ಹಿಡಿದು ಪಟ್ಟಿ ಮಾಡಿದಾಗ ಹತ್ತೊಂಬತ್ತು ಸಿಕ್ಕವು. ಹನ್ನೆರಡು ಗಂಟೆಯಿಂದ ಹೊತ್ತು ಮೂಡುವವರೆಗೆ ಹುಟ್ಟಿದವರು. ದವಾಖಾನೆಯ ಚೀಟಿ ತಂದವರದು ಸರಿ ಇತ್ತು. ಬಾಯಿಮಾತಿನಲ್ಲಿ ಇಂಥ ವಾರ ರಾತ್ರಿ ಎಂದವರದೇ ಕಷ್ಟ. ಶುಕ್ರವಾರದಿಂದ ಒಬ್ಬೊಬ್ಬರಿಗೆ ಫೋನ್ ಮಾಡತೊಡಗಿದೆ. ನಮಸ್ಕಾರ ಹೇಳಿ, ಹೆಸರು ಹೇಳಿ, ಎಲ್ಲ ತಾಯಂದಿರಿಗೂ ಅದೇ ಪ್ರಶ್ನೆ. "ಬ್ಯಾನಿ ಹತ್ತೂಕಿಂತ ಮೊದಲ, ಅವತ್ತ ಸಂಜಿಕೆ ಏನ ಮಾಡಾಕತ್ತಿದ್ರಿ?" ಯಾರೂ ಮರೆತಿರಲಿಲ್ಲ. ಒಬ್ಬರು ರೊಟ್ಟಿ ಬಡಿಯುತ್ತಿದ್ದರು, ಒಬ್ಬರು ಅತ್ತೆಯ ಜೊತೆ ಜಗಳದಲ್ಲಿದ್ದರು.

ಆರನೆಯ ಹೆಸರು ಇಳಕಲ್ಲಿನ ಒಂದು ಮನೆಯ ಹುಡುಗಿಯದು. ಈಗ ಎರಡೂವರೆ ವರ್ಷ. ನಾನು ಜ್ಯೇಷ್ಠಾ ಎಂದು ಕೊಟ್ಟಿದ್ದೆ. ತಾಯಿ ಅಂದು ಸಂಜೆ ದೀಪ ಹಚ್ಚುತ್ತಿದ್ದುದಾಗಿ ಹೇಳಿದಳು. "ಯಾಕ್ರೀ ಅಕ್ಕಾರ, ಏನಾತ್ರಿ?" ಎಂದು ಕೇಳಿದಳು. ಹಿಂದೆ ಕೂಸು ಏನೋ ಹಾಡುತ್ತಿರುವುದು ಕೇಳಿಸಿತು. "ಒಂದ ಸಣ್ಣ ತಪ್ಪು ಇತ್ರಿ, ನೋಡಿ ಹೇಳ್ತೇನಿ," ಎಂದು ಇಟ್ಟೆ.

ಅಂಕಿ ಬದಲಿಸಿದೆ. ಮೂಲಾ ಬಂತು.

'ನಾ ಖರೇನ ಮೂಲಾ ಇದ್ದಿದ್ರ?' ಎಂದು ಜಯಶ್ರೀ ಕೇಳಿದ ಪ್ರಶ್ನೆಯನ್ನು ಅಪ್ಪನಿಗೆ ಹೇಳಿದೆ. ಅವಳು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ. ಅವರು ಕೇಳಿಸಿಕೊಂಡರು. "ಇದ್ದದ್ದ ಐತಿ. ತಗಿ," ಎಂದರು.

ಕಾಗದ ಪ್ರಿಂಟರಿನಿಂದ ಹೊರಬಂತು. ಅದನ್ನು ಅವರ ಮುಂದಿನ ಮಣೆಯ ಮೇಲೆ ಇಟ್ಟೆ. ಅಪ್ಪ ಪೆನ್ನಿನ ಮುಚ್ಚಳ ತೆಗೆದರು. ಕಾಗದದ ಕೆಳತುದಿಗೆ ಕೈ ಒಯ್ದರು. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ಯಾರೂ ಜಾಗ ತೋರಿಸಬೇಕಿಲ್ಲ. ಮುಚ್ಚಳ ಹಾಕಿದರು. ಮತ್ತೆ ತೆಗೆದರು.

ಒಳಗಿಂದ ಅವ್ವ ಊಟಕ್ಕೆ ಕರೆದಳು. ನಾವಿಬ್ಬರೂ ಏಳಲಿಲ್ಲ.